ಬಟ್ಟೆಯ ಮೀನು

ಆ ವರ್ಷ ರಾಯದುರ್ಗದ ನಮ್ಮ ಜೀನ್ಸ್ ಕಾರ್ಖಾನೆಗೆ ಮಕ್ಕಳ ಜಾಕೆಟ್ಟಿನ ಆರ್ಡರ್ ಬಂದಿತ್ತು. ಪ್ರತಿ ಜಾಕೆಟ್ಟಿನ ಬೆನ್ನಿಗೂ ಒಂದು ಬಟ್ಟೆಯ ಮೀನು ಹೊಲಿಯಬೇಕು. ಮೈತುಂಬ ಕೆಂಪು ಪಟ್ಟೆ, ಗರಿ ಬಿಚ್ಚಿದ ನವಿಲಿನಂಥ ರೆಕ್ಕೆ. ಗುಮ್ಮಘಟ್ಟದ ಕೆರೆಮೀನು ಬಿಟ್ಟು ಬೇರೆ ಕಾಣದ ನನಗೆ ಅದು ಮೀನೆಂದೇ ನಂಬಿಕೆಯಾಗಲಿಲ್ಲ. ಹೊಲಿಗೆ ಕೆಟ್ಟ ಜಾಕೆಟ್ಟೊಂದನ್ನು ಕೇಳಿ ಪಡೆದು ಮಗಳಿಗೆ ತಂದೆ.

ಅದೇ ವಾರ, ಮಲ್ಪೆಯ ಬೋಟಿನಲ್ಲಿ ಕೂಲಿಗಿದ್ದ ನಮ್ಮ ಯಜಮಾನರು ಊದಿದ ಕೈ ಹೊತ್ತು ಮನೆಗೆ ಬಂದರು. ಬಲೆ ಬಿಡಿಸುವಾಗ ಮೀನೊಂದು ರೆಕ್ಕೆಯ ವಿಷದ ಮುಳ್ಳು ಚುಚ್ಚಿತ್ತಂತೆ. ಚೇಳು ಕುಟುಕಿದರೆ ನಮ್ಮೂರಲ್ಲಿ ಮಾಡುವ ಹಾಗೆ ಇವರು ಮುಂಗೈಗೆ ಹಗ್ಗ ಬಿಗಿದುಕೊಂಡರೆ, ಜೊತೆಯವರು ಬೈದು, ಹಗ್ಗ ಬಿಚ್ಚಿ, ಈ ವಿಷಕ್ಕೆ ಬಿಸಿಯೇ ಮದ್ದೆಂದು ಕೈಯನ್ನು ಬಿಸಿನೀರಿಗೆ ಇಳಿಸಿದರಂತೆ.

ಇದನ್ನು ಹೇಳುತ್ತಿರುವಾಗಲೇ ಮಗಳು ಜಾಕೆಟ್ ತೊಟ್ಟು ಬಂದು, ಅವರ ತೊಡೆಯ ಮೇಲೆ ಕೂರಲು ಬೆನ್ನು ತಿರುಗಿಸಿದಳು. ಅವರು ಸರಕ್ಕನೆ ಗೋಡೆಗೆ ಸರಿದರು.

“ಇದ ಆ ಮೀನು! ತಗಿ ಅದನ್ನ!”

“ಬಟ್ಟಿ ಮೀನಿಗೂ ಅಂಜತೀರೇನ್ರಿ?” ಎಂದು ನಾನು ರೇಗಿದೆ. ಮಗಳು ಅಳತೊಡಗಿದಳು.

ಮರುದಿನ ನನ್ನ ಮೆಷಿನ್ನಿನ ಪಕ್ಕ ಮೀನುಗಳ ಹೊಸ ಕಟ್ಟು ಬಂದು ಬಿತ್ತು. ಸಂಜೆಯವರೆಗೂ ಒಂದೊಂದನ್ನೂ ಬಾಲ ಹಿಡಿದೇ ಎತ್ತಿಕೊಂಡೆ.