ಯಂಕಮ್ಮನ ಆಕ್ಷೇಪಣೆ

ಯಂಕಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಯಾವ ಕಾಗದವನ್ನೇ ಆಗಲಿ, ಒಂದೇ ಸಲ ಓದಿಸಿಕೊಂಡು ಆಕೆ ಹೆಬ್ಬೆಟ್ಟು ಒತ್ತಿದ್ದನ್ನು ನಾನು ಕಾಣೆ. ಮೊದಲು ಒಬ್ಬರ ಕಡೆ ಓದಿಸುವಳು. ಆಮೇಲೆ ಅದನ್ನೇ ಮಡಚಿ ಸೆರಗಿನೊಳಗೆ ಇಟ್ಟುಕೊಂಡು ಇನ್ನೊಬ್ಬರ ಹತ್ತಿರ ಹೋಗುವಳು. ಮೊದಲಿನವರು ಏನು ಓದಿದರೆಂದು ಎರಡನೆಯವರಿಗೆ ಬಾಯಿ ಬಿಡುತ್ತಿರಲಿಲ್ಲ. ಇಬ್ಬರ ಬಾಯಿಂದಲೂ ಒಂದೇ ಮಾತು ಬಂದರೆ ಹೆಬ್ಬೆಟ್ಟು. ಒಂದು ಶಬ್ದ ಹೆಚ್ಚುಕಡಿಮೆಯಾದರೂ ಕಾಗದ ಬಂದ ದಾರಿ ಹಿಡಿಯುತ್ತಿತ್ತು.

ನಾನು ಈ ಪರೀಕ್ಷೆಗೆ ಸಿಕ್ಕಿಬಿದ್ದದ್ದು ದೊಡ್ಡಿಯ ಶಾಲೆಗೆ ಮಾಸ್ತರನಾಗಿ ಹೋದ ಎರಡನೇ ತಿಂಗಳಲ್ಲಿ. ಊರಿನಿಂದ ದೂರ ಹೊಲಗಳ ನಡುವೆ ಬೆಳೆದ ಸಣ್ಣ ವಸತಿಗೆ ಸುರಪುರದ ಕಡೆ ದೊಡ್ಡಿ ಎನ್ನುತ್ತಾರೆ. ದೇವಾಪುರ ದಾಟಿ, ದೊಡ್ಡ ಕಾಲುವೆಯ ಏರಿ ಹಿಡಿದು ನಡೆದರೆ ನಮ್ಮ ದೊಡ್ಡಿ ಸಿಗುತ್ತಿತ್ತು. ಎರಡು ಕೋಣೆಯ ಶಾಲೆ, ಇಪ್ಪತ್ತರ ಆಸುಪಾಸು ಮಕ್ಕಳು, ಐದು ತರಗತಿಗಳಿಗೆ ನಾನೊಬ್ಬನೇ. ಯಂಕಮ್ಮ ಮಗಳ ಮಗಳನ್ನು ತನ್ನ ಮನೆಯಲ್ಲಿಟ್ಟುಕೊಂಡು ಓದಿಸುತ್ತಿದ್ದಳು. ಹಾಗಾಗಿ ಪೋಷಕಿಯೆಂದು ಶಾಲೆಯ ಮೇಲುಸ್ತುವಾರಿ ಸಮಿತಿಗೆ ಸೇರಿ, ಅಧ್ಯಕ್ಷೆಯೂ ಆಗಿದ್ದಳು.

ಆ ತಿಂಗಳು ಪಂಚಾಯಿತಿಯವರು ನೀರಿನ ಪೈಪುಗಳನ್ನು ಇಡಲು ಶಾಲೆಯ ಎರಡನೇ ಕೋಣೆ ಕೇಳಿದ್ದರು. ಸಭೆಯಲ್ಲಿ ಉಳಿದವರೆಲ್ಲ ತಲೆಯಾಡಿಸಿದರು. ಯಂಕಮ್ಮ ಒಬ್ಬಳೇ ಬೇಡವೆಂದಳು. ನಾನು ರೂಢಿಯಂತೆ ಠರಾವು ಪುಸ್ತಕದಲ್ಲಿ 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದು ಬರೆದು ಓದಿ ಹೇಳಿದೆ. ಆಕೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕಿರಾಣಿ ಅಂಗಡಿಯ ಮೌಲಾಸಾಬರ ಹತ್ತಿರ ಹೋದಳು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಕೇಳಿದಳು:

"ಮಾಸ್ತರ, ಸರ್ವಾನುಮತ ಅಂದ್ರ ಏನ್ರಿ?"

"ಎಲ್ಲಾರೂ ಒಪ್ಪಿದ್ರು ಅಂತ."

"ಮೌಲಾಸಾಬನೂ ಅದನ್ನ ಅಂದ. ನಾ ಒಪ್ಪಿಲ್ಲಲ್ಲ?"

"ಅದು ಬರಿಯೋ ಪದ್ಧತಿ ಅದ ಯಂಕಮ್ಮ."

"ಪದ್ಧತಿ ನಿಮ್ಮ ಮನ್ಯಾಗ ಇಟಗೋರಿ. ಯಂಕಮ್ಮ ಒಪ್ಪಿಲ್ಲ ಅಂತ ಬರೀರಿ. ಕೋಣಿ ಅವರಿಗೇ ಹೋಗ್ಲಿ, ನಾ ಹೂಂ ಅಂದೀನಿ ಅಂತ ಪುಸ್ತಕದಾಗ ಇರಬಾರ್ದು."

ಸಿಟ್ಟು ಬಂದಿತ್ತು. ಆದರೂ ಹೊಡೆದುಹಾಕಿ ಬರೆದೆ. ಪುಸ್ತಕ ಮೇಲಿನವರ ಕೈಗೆ ಹೋದಾಗ ಆ ಒಂದು ಸಾಲು ನೋಡಿ, ತಕರಾರು ಇರುವ ಕೋಣೆ ಯಾಕೆಂದು ಪೈಪುಗಳನ್ನು ಬೇರೆ ಕಡೆ ಇಳಿಸಿದರು. ಎರಡನೇ ಕೋಣೆ ಮಕ್ಕಳಿಗೇ ಉಳಿಯಿತು.

ನೋಡಲು ಆಕೆ ಎತ್ತರದ ಹೆಣ್ಣು. ಭತ್ತದ ನಾಟಿಗೆ ಬಗ್ಗಿ ಬಗ್ಗಿ ಬೆನ್ನು ಸ್ವಲ್ಪ ಬಾಗಿತ್ತು. ಮಾತಿಗೆ ನಿಂತರೆ ಮಾತ್ರ ನೆಟ್ಟಗಾಗುತ್ತಿತ್ತು. ಕಾಲುವೆಯ ಈಚೆ ನಿಂತು ಕೂಗಿದರೆ ಆಚೆ ಹೊಲದವರು ತಲೆಯೆತ್ತಬೇಕು, ಅಂಥ ಗಂಟಲು. ಬಿಸಿಯೂಟದ ಸಾರನ್ನು ದಿನಾ ರುಚಿ ನೋಡಿ, ಬೇಳೆ ಕಾಣದಿದ್ದರೆ ಅಡುಗೆಯಾಕೆಗೆ "ಇದರಾಗ ಮಕ ಕಾಣತದಲ್ಲೇ" ಎನ್ನುವಳು. ನಾನು ಗೈರುಹಾಜರಾದ ದಿನ ಮಕ್ಕಳನ್ನು ಮನೆಗೆ ಕಳಿಸದೆ ತಾನೇ ಕೂಡಿಸಿಕೊಂಡು ಮಗ್ಗಿ ಹೇಳಿಸುವಳು. ಮಗ್ಗಿ ಮಾತ್ರ ಆಕೆಗೆ ಇಪ್ಪತ್ತರವರೆಗೆ ಬಾಯಿಗೆ ಬರುತ್ತಿತ್ತು. ಸಂತೆಯಲ್ಲಿ ಕಲಿತದ್ದಂತೆ.

ಆ ಶಾಲೆ ಬಂದದ್ದೂ ಆಕೆಯಿಂದಲೇ. ಆಕೆಯ ಮಗಳು ಸಣ್ಣವಳಿದ್ದಾಗ ದೊಡ್ಡಿಯಲ್ಲಿ ಶಾಲೆ ಇರಲಿಲ್ಲ. ಮಕ್ಕಳು ಕಾಲುವೆ ಏರಿಯ ಮೇಲೆ ನಡೆದು ದೇವಾಪುರಕ್ಕೆ ಹೋಗಬೇಕಿತ್ತು. ನೀರು ಬಿಟ್ಟ ದಿನಗಳಲ್ಲಿ ಕಾಲುವೆ ದಂಡೆಗೆ ತಾಗಿ ಹರಿಯುತ್ತದೆ, ಮಳೆಗೆ ಏರಿಯ ಕರಿಮಣ್ಣು ಜಾರುತ್ತದೆ. ಹುಡುಗಿ ಅಂಜಿ ಎರಡನೇ ಇಯತ್ತೆಗೆ ಬಿಟ್ಟಳು. "ಆಕಿ ಹೆಸರ ಬರೀತಾಳ್ರಿ" ಎಂದು ಯಂಕಮ್ಮ ಒಮ್ಮೆ ಹೇಳಿದ್ದಳು. "ಹೆಸರಿನ ಮ್ಯಾಲ ಏನ್ ಬರದದ ಅಂತ ಓದಾಕ ಬರಂಗಿಲ್ಲ. ನನ್ನ ಹೆಬ್ಬಟ್ಟರ ಚೊಲೊ, ಬರಂಗಿಲ್ಲ ಅಂತ ಎಲ್ಲಾರಿಗೂ ಗೊತ್ತಾಗತದ." ಮಗಳು ಶಾಲೆ ಬಿಟ್ಟ ಮೇಲೆ ಯಂಕಮ್ಮ ವರ್ಷಗಟ್ಟಲೆ ಸೋಮವಾರಕ್ಕೊಮ್ಮೆ ಸುರಪುರಕ್ಕೆ ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಈ ಶಾಲೆ ತಂದಳು. ಮಗಳಿಗೆ ಅದು ತಡವಾಯಿತು. ಮೊಮ್ಮಗಳಿಗೆ ಸಿಕ್ಕಿತು.

ಹೀಗಿರುವಾಗ ಸರ್ಕಾರದ ಒಂದು ಕರಡು ಮಸೂದೆ ಬಂತು. ನನ್ನ ಮೊಬೈಲಿಗೆ ಮಾಸ್ತರರ ಗುಂಪಿನಲ್ಲಿ ಬಂತು. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು 'ಗ್ರಾಮಸಭೆಯ ಅಭಿಪ್ರಾಯ ಆಲಿಸಿ' ಹತ್ತಿರದ ದೊಡ್ಡ ಶಾಲೆಗೆ ವಿಲೀನ ಮಾಡುವುದು ಎಂದು ಅದರಲ್ಲಿತ್ತು. ಆಕ್ಷೇಪಣೆ ಇದ್ದವರು ಒಂದು ತಿಂಗಳೊಳಗೆ ಕೊಡಬಹುದಿತ್ತು.

ನಾನು ಯಾರಿಗೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಓದಿ ಖುಷಿಯಾಗಿತ್ತು. ನನ್ನ ಹೆಂಡತಿ, ಮಕ್ಕಳು ಇದ್ದದ್ದು ಶಹಾಪುರದಲ್ಲಿ. ನಾನು ಸುರಪುರದಲ್ಲಿ ಖೋಲಿ ಹಿಡಿದು, ಶನಿವಾರಕ್ಕೊಮ್ಮೆ ಊರು ಮುಟ್ಟುತ್ತಿದ್ದೆ. ದೊಡ್ಡಿಯ ಶಾಲೆ ಮುಚ್ಚಿದರೆ ನನಗೆ ಶಹಾಪುರದ ಕಡೆ ವರ್ಗ ಸಿಗುವ ಸಾಧ್ಯತೆ ಇತ್ತು.

ನಾಲ್ಕು ದಿನಕ್ಕೆ ಯಂಕಮ್ಮ ಊಟದ ಬಿಡುವಿನಲ್ಲಿ ಬಂದಳು. ಕೈಯಲ್ಲಿ ಮೌಲಾಸಾಬರು ಪ್ರಿಂಟ್ ತೆಗೆಸಿದ ಅದೇ ಮಸೂದೆಯ ಹಾಳೆಗಳು.

"ಓದ್ರಿ ಮಾಸ್ತರ."

ಓದಿದೆ. ವಿಲೀನದ ಕಲಮು ಬಂದಾಗ ನಾಲಿಗೆ ತಾನಾಗಿಯೇ ಅದನ್ನು ಹಾರಿಸಿತು. ಕಟ್ಟಡ, ಪ್ರಯೋಗಾಲಯ, ವಾಹನ ಎಂದು ಮುಂದಿನದನ್ನು ಓದಿ ಮುಗಿಸಿದೆ.

"ಮೌಲಾಸಾಬ ಓದಿದ್ರಾಗ ಇನ್ನೊಂದು ಇತ್ತಲ್ರಿ. ನಮ್ಮ ಸಾಲಿ ದೇವಾಪುರಕ ಕೂಡಸೋದು. ನಿಮ್ಮ ಕಣ್ಣಿಗಿ ಅದು ಬಿದ್ದಿಲ್ಲೇನು?"

ಶಹಾಪುರದ ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಹೆಂಡ್ತಿ ಮಕ್ಕಳ ಹತ್ರ ಇರಬೇಕು ಅನಸೋದು ತಪ್ಪಲ್ರಿ. ವರ್ಗ ಬೇಕಂದ್ರ ವರ್ಗ ಕೇಳ್ರಿ, ನಾನೂ ಬಂದು ಹೇಳತೀನಿ. ನಮ್ಮ ಸಾಲಿ ಮುಚ್ಚಿಸಿ ಹೋಗಬ್ಯಾಡ್ರಿ. ಈಗ ಹಾರಿಸಿದ್ದು ಓದ್ರಿ."

ಆ ಕಲಮನ್ನು ನನ್ನ ಕೈಯಲ್ಲಿ ಮೂರು ಸಲ ಓದಿಸಿದಳು. ಮೂರೂ ಸಲ 'ಅಭಿಪ್ರಾಯ ಆಲಿಸಿ' ಎಂಬಲ್ಲಿಗೆ ಬರುತ್ತಿದ್ದಂತೆ ಕೈ ಎತ್ತಿ ನಿಲ್ಲಿಸಿದಳು. "ಆಲಿಸಿ ಅಂದ್ರ ಕೇಳೋದಷ್ಟಾ?" ಎಂದಳು. ಹೌದೆಂದೆ. "ಕೇಳಿ ಬಿಡೋದು?" ಹೌದೆಂದೆ. "ಹಂಗಾದ್ರ ಇದಕ್ಕ ನನ್ನ ತಕರಾರು ಅದ. ಬರೀರಿ."

ಸರ್ಕಾರಿ ನೌಕರ ಸರ್ಕಾರದ ಮಸೂದೆಯ ವಿರುದ್ಧ ಬರೆಯಬಾರದು, ನೋಟಿಸ್ ಬರುತ್ತದೆ ಎಂದೆ. "ನಿಮ್ಮ ಮಾತು ಯಾರು ಕೇಳ್ಯಾರ? ಮಾತು ನಂದು, ಅಕ್ಷರ ಅಷ್ಟ ನಿಮ್ವು" ಎಂದಳು. ಬರೆದೆ. ಆ ಸಂಜೆ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಇಡೀ ದೊಡ್ಡಿ ಸೇರಿತು. ನಾನು ಒಮ್ಮೆ ಓದಿದೆ. ಆಮೇಲೆ ನನ್ನನ್ನು ದೂರ ಕಳಿಸಿ ಮೌಲಾಸಾಬರಿಂದ ಓದಿಸಿದಳು. "ಈಕಿ ನಮ್ಮಿಬ್ಬರನ್ನೂ ಮುಫತ್ ವಕೀಲರನ್ನ ಮಾಡಿಬಿಟ್ಟಾಳ್ರಿ" ಎಂದು ಮುದುಕ ಮೌಲಾಸಾಬರು ನಕ್ಕರು. ಸಹಿ ಬರುವವರು ಸಹಿ ಮಾಡಿದರು, ಬಾರದವರು ಹೆಬ್ಬೆಟ್ಟು ಒತ್ತಿದರು.

ಯಾದಗಿರಿಯಲ್ಲಿ ಕರಡಿನ ಬಗ್ಗೆ ಅಹವಾಲು ಕೇಳುವ ಸಭೆ ಇತ್ತು. ದೊಡ್ಡಿಯಿಂದ ಯಂಕಮ್ಮ ಸೇರಿ ಹನ್ನೊಂದು ಹೆಂಗಸರು ಬಸ್ಸು ಹತ್ತಿದರು. ನಾನು ರಜೆ ಚೀಟಿ ಬರೆದಿಟ್ಟು ಹೋಗಿ ಕಡೇ ಸಾಲಿನಲ್ಲಿ ಕೂತೆ, ಗುರುತಿನವರು ಕಂಡರೆ ಮುಖ ತಪ್ಪಿಸುವಂತೆ. ವೇದಿಕೆಯ ಮೇಲೆ ಬೆಂಗಳೂರಿನಿಂದ ಬಂದ ಅಧಿಕಾರಿ. ಕೆಟ್ಟ ಮನುಷ್ಯನೇನಲ್ಲ, ಅವರಿಗೆ ಅವಸರ ಇತ್ತು. ಯಂಕಮ್ಮನ ಸರದಿ ಬಂದಾಗ ಕೈ ಚಾಚಿ, "ಮನವಿ ಕೊಟ್ಟು ಹೋಗಿಯಮ್ಮ, ಪರಿಶೀಲಿಸ್ತೇವೆ" ಎಂದರು.

"ಮನವಿ ಅಲ್ರಿ, ಆಕ್ಷೇಪಣಿ. ಕೊಡತೀನಿ, ಆದ್ರ ನೀವು ಜರಾ ಗಟ್ಟಿಯಾಗಿ ಓದ್ರಿ. ನಂಗ ಓದಾಕ ಬರಂಗಿಲ್ಲ. ಇದರಾಗ ಏನದ ಅಂತ ನಿಮ್ಮ ಬಾಯಿಲೆ ಕೇಳಬೇಕು."

ಸಭೆಯಲ್ಲಿ ನಗು ಎದ್ದಿತು. ಆಕೆ ಕದಲಲಿಲ್ಲ. ಹಿಂದಿನ ಹತ್ತು ಜನ ಹೆಂಗಸರೂ ಎದ್ದು ನಿಂತರು. ಅಧಿಕಾರಿ ಕನ್ನಡಕ ಹಾಕಿಕೊಂಡು ಓದಿದರು: "'ಗ್ರಾಮಸಭೆಯ ಅಭಿಪ್ರಾಯ ಆಲಿಸಿ' ಎಂದು ಇರುವಲ್ಲಿ 'ಗ್ರಾಮಸಭೆಯ ಒಪ್ಪಿಗೆ ಪಡೆದು' ಎಂದು ಆಗಬೇಕು. ಒಪ್ಪಿಗೆ ಇಲ್ಲದೆ ನಮ್ಮ ಶಾಲೆಯನ್ನು ಮುಚ್ಚಬಾರದು." ಓದಿ ಕನ್ನಡಕ ತೆಗೆದರು. "ಎರಡಕ್ಕೂ ಅಂಥಾ ವ್ಯತ್ಯಾಸ ಏನಿದೆಯಮ್ಮ? ನಿಮ್ಮನ್ನ ಕೇಳಿಯೇ ಮಾಡ್ತೀವಿ ಅಂತಲೇ ಇದೆಯಲ್ಲ?"

ಯಂಕಮ್ಮನ ಬೆನ್ನು ನೆಟ್ಟಗಾದದ್ದನ್ನು ನಾನು ಕಡೇ ಸಾಲಿನಿಂದಲೇ ಕಂಡೆ.

"ಸಾಹೇಬ್ರ, ನಾ ಸಣ್ಣಾಕಿ ಇದ್ದಾಗ ನನ್ನ ನೋಡಾಕ ಬಂದಿದ್ರು. ಹೊರಗ ಹಿರ್ಯಾರು ಕುಂತು ದಿನ ಗೊತ್ತ ಮಾಡಿದ್ರು. ಎಲ್ಲಾ ಮುಗದ ಮ್ಯಾಲ ನಮ್ಮಪ್ಪ ಒಳಗ ಬಂದು ಕೇಳಿದ, ಹುಡುಗ ಹ್ಯಾಂಗ ಅನಸ್ತಾನವ್ವಾ ಅಂತ. ನಾ ಒಲ್ಲೆ ಅಂದೆ. ಹೌದಾ ಅಂದ. ಹೊರಗ ಹೋಗಿ ಸಕ್ರಿ ಹಂಚಿದ. ನೀವು ಬರದದ್ದು ಅಭಿಪ್ರಾಯ ಅಂದ್ರ ಅದರಿ. ಒಪ್ಪಿಗಿ ಅಂದ್ರ, ನಾ ಒಲ್ಲೆ ಅಂದಾಗ ಸಕ್ರಿ ಹಂಚಬಾರದು."

ಅಧಿಕಾರಿ ಕಾಗದವನ್ನು ಮತ್ತೊಮ್ಮೆ ನೋಡಿದರು. ಆಗ ಅವರ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು ಬಗ್ಗಿ ಅಕ್ಷರ ನೋಡಿ ಕೇಳಿದರು, "ಇದನ್ನ ನಿನಗೆ ಬರೆದುಕೊಟ್ಟವರು ಯಾರು? ಮಾಸ್ತರರ ಅಕ್ಷರ ಇದು."

"ಬರಸಿದಾಕಿ ನಾನು."

"ಬರೆದವರು ಯಾರು ಅಂತ ಕೇಳಿದ್ದು."

"ಮಾತಿಗಿ ಜವಾಬು ಕೊಡ್ರಿ ಸಾಹೇಬ್ರ. ಅಕ್ಷರದ ಮ್ಯಾಲ ಯಾಕ ಸಿಟ್ಟು?"

ಆಕೆ ಹಿಂತಿರುಗಿ ನೋಡಲಿಲ್ಲ. ಒಮ್ಮೆಯಾದರೂ ತಿರುಗಿದ್ದರೆ ನಾನು ಬಹುಶಃ ಬಾಗಿಲಿನ ಕಡೆ ಸರಿಯುತ್ತಿದ್ದೆ. ಆ ಬೆನ್ನನ್ನು ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ. ಎದ್ದು ನಿಂತೆ.

"ನಾನು ಬರೆದದ್ದು ಸರ್. ಆ ಶಾಲೆಯ ಮಾಸ್ತರ ನಾನು. ಅವರು ಹೇಳಿದ್ದರಲ್ಲಿ ನನ್ನದೂ ಸಹಮತ ಇದೆ."

ಕಡೆಯ ಮಾತನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಅದು ಹೇಗೆ ಬಾಯಿಂದ ಬಂತೋ ಇಂದಿಗೂ ತಿಳಿಯದು. ನೋಟಿಸ್ ಬರಲು ವಾರ ಹಿಡಿಯಲಿಲ್ಲ. ಉತ್ತರ ಬರೆದೆ, ಕ್ಷಮೆ ಕೇಳಲಿಲ್ಲ. ತಿಂಗಳು ತುಂಬುವ ಮೊದಲೇ ಹುಣಸಗಿಯ ಆಚೆಯ ಒಂದು ಶಾಲೆಗೆ ನಿಯೋಜನೆ ಆಯಿತು. ಶಹಾಪುರ ಇನ್ನಷ್ಟು ದೂರವಾಯಿತು.

ಆಮೇಲೆ ತಿದ್ದಿದ ಕರಡು ಬಂದಿತು. ಹುಡುಕಿ ಹುಡುಕಿ ಆ ಕಲಮು ನೋಡಿದೆ. 'ಒಪ್ಪಿಗೆ ಪಡೆದು' ಎಂದೇ ಇತ್ತು. ಅದು ಯಂಕಮ್ಮನ ಮಾತಿಗೋ, ರಾಜ್ಯದ ಎಷ್ಟೋ ಊರುಗಳಿಂದ ಹೋದ ಕಾಗದಗಳಿಗೋ ನಾನು ಹೇಳಲಾರೆ. ಮಸೂದೆ ಇನ್ನೂ ಸದನಕ್ಕೆ ಹೋಗಿಲ್ಲ. ದೊಡ್ಡಿಯ ಶಾಲೆ ಮಾತ್ರ ನಡೆಯುತ್ತಿದೆ. ಮೌಲಾಸಾಬರಿಗೆ ಫೋನ್ ಮಾಡಿ ಆ ಕಲಮು ಓದಿ ಹೇಳಿದಾಗ ಅವರಿಂದ ಸುದ್ದಿ ತಿಳಿಯಿತು. ಯಂಕಮ್ಮ ಕಾಮಾಲೆಯಾಗಿ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ನನ್ನ ಹೊಸ ನಂಬರು ಅವರ ಹತ್ತಿರ ಇರಲಿಲ್ಲ, ತಿಳಿಸಲು ಆಗಿರಲಿಲ್ಲ. ಮಣ್ಣಿಗೂ ನಾನು ಹೋಗಲಿಲ್ಲ.

ಹಾಗಾಗಿ ದೊಡ್ಡಿ ಬಿಟ್ಟ ಮುಂಜಾನೆಯೇ ಕಡೆಯ ಭೇಟಿಯಾಯಿತು. ದೇವಾಪುರದ ಕ್ರಾಸಿನವರೆಗೆ ಆಕೆ ಶಾಲೆಯಲ್ಲಿದ್ದ ನನ್ನ ಪುಸ್ತಕದ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಬಂದಳು. ಎಷ್ಟು ಬೇಡವೆಂದರೂ ಕೇಳಲಿಲ್ಲ. ಹೊಸ ಮಾಸ್ತರ ಬರಲು ಇನ್ನೂ ಎಂಟು ದಿನ ಇತ್ತು. ಶಾಲೆಯ ಕೀಲಿಯನ್ನು ಆಕೆಯ ಕೈಗೆ ಕೊಟ್ಟೆ. ಬಸ್ಸಿಗೆ ಕಾಯುತ್ತ, ಸ್ವಲ್ಪ ನಗೆಯಲ್ಲಿ, ಸ್ವಲ್ಪ ನೋವಿನಲ್ಲಿ, "ನಿಮ್ಮ ಸಲುವಾಗಿ ಹೊಂಟೀನಿ ನೋಡ್ರಿ ಯಂಕಮ್ಮ" ಎಂದೆ. ಆಕೆ ಸಮಾಧಾನ ಹೇಳಬಹುದು, ಕಣ್ಣೊರೆಸಿಕೊಳ್ಳಬಹುದು ಎಂದು ಮನಸ್ಸು ಬಯಸಿತ್ತು.

"ನನ್ನ ಸಲುವಾಗಿ ಅಂತ ಯಾರ ಮುಂದೂ ಹೇಳಬ್ಯಾಡ್ರಿ ಮಾಸ್ತರ" ಎಂದಳು. "ಎದ್ದು ನಿಂತೋರು ನೀವು. ನಾ ಕೈ ಹಿಡದು ಎಬ್ಬಿಸಿಲ್ಲ. ಅದು ನಿಮ್ದು, ನಿಮ್ಮ ಹತ್ರನ ಇರ್ಲಿ."

ಹುಣಸಗಿ ಬಸ್ಸು ಬಂತು. ಟ್ರಂಕನ್ನು ಒಳಗೆ ದೂಡಿದಳು. "ಹತ್ರಿ, ಹತ್ರಿ. ಹುಡುಗ್ರು ಬಾಗ್ಲ ಮುಂದ ಕುಂತಿರತಾವ" ಎಂದು, ಬಸ್ಸು ಹೊರಡುವುದನ್ನೂ ಕಾಯದೆ ತಿರುಗಿದಳು. ಕಿಟಕಿಗೆ ತಲೆಯಿಟ್ಟು ನೋಡಿದೆ. ಕಾಲುವೆ ತುಂಬಿ ಹರಿಯುತ್ತಿತ್ತು, ಹಿಂದಿನ ದಿನದ ಮಳೆಗೆ ಏರಿ ಜಾರುತ್ತಿತ್ತು. ಆಕೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬೀಸುಗಾಲಿನಲ್ಲಿ ದೊಡ್ಡಿಯ ಕಡೆ ನಡೆಯುತ್ತಿದ್ದಳು.