ಮುಚ್ಚಳ ತೆಗೆಯಬಾರದ ಕುಕ್ಕರ್

ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವ ನಮ್ಮಕ್ಕನಿಗೆ, ಮನೆಗೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವುದು ಸಾಕುಸಾಕಾಗಿತ್ತು. ಬೆಳಿಗ್ಗೆ ತುಂಬಿಟ್ಟರೆ ಸಂಜೆಗೆ ತಾನೇ ಬೇಯಿಸಿಡುವ ಸ್ಲೋ ಕುಕ್ಕರ್ ಕೊಳ್ಳುವ ಮುಂಚೆ ನೋಡೋಣವೆಂದು, ಗೆಳತಿಯದನ್ನು ಎರವಲು ತಂದಳು. "ಮುಚ್ಚಳ ಮಾತ್ರ ತೆಗೀಬೇಡ, ಬಿಸಿ ಹೋಗುತ್ತೆ. ಯಾರೂ ಮುಟ್ಟದಿದ್ರೆ ತಾನೇ ಬೇಯುತ್ತೆ," ಎಂದಿದ್ದಳು ಗೆಳತಿ.

ಬೆಳಿಗ್ಗೆ ಕಾಳು ತುಂಬಿಟ್ಟು ಕೆಲಸಕ್ಕೆ ಹೋದವಳು ಸಂಜೆ ಬಂದು ನೋಡಿದರೆ ಕಾಳು ಕಲ್ಲಿನ ಹಾಗೇ ಇತ್ತು.

"ತಳ ಹಿಡಿದೀತು ಅಂತ ಆಗಾಗ ಕೈಯಾಡಿಸ್ತಿದ್ದೆ ಕಣಮ್ಮ," ಎಂದರು ಅತ್ತೆ. "ಉಪ್ಪು ನೋಡಿದೆ," ಎಂದರು ಮಾವ. ಗಂಡನಂತೂ, "ಮರೆತು ಹಾಗೇ ಬಿಟ್ಟು ಹೋಗಿದ್ಯಲ್ಲ, ನಾನೇ ಸ್ವಿಚ್ ಆಫ್ ಮಾಡ್ದೆ," ಎಂದು ಬೀಗಿದ.

ಬೇರೆ ದಿನ ಅಡುಗೆಮನೆ ಕಡೆ ತಲೆ ಹಾಕಿಯೂ ಮಲಗದ ಜನ!

ಮರುದಿನ ಕುಕ್ಕರ್ ವಾಪಸ್ ಕೊಟ್ಟಳು. "ಯಾಕೆ, ಕೊಳ್ಳಲ್ವಾ?" ಎಂದಳು ಗೆಳತಿ.

"ಯಾರೂ ಮುಟ್ಟದಿದ್ರೆ ಬೇಯುತ್ತೆ ಅಂದ್ಯಲ್ಲೇ. ನಾನು ಮನೇಲಿದ್ರೆ ಮಾತ್ರ ಯಾರೂ ಮುಟ್ಟಲ್ಲ."