ಮೆಟ್ಟಿಲ ಕೆಳಗಿನ ಜಾಗ

ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ನಾನೂ ನನ್ನ ತಂಗಿಯೂ ಕಮಲಾಪುರ ಬಿಟ್ಟು ಕಲಬುರಗಿಗೆ ಬಂದೆವು. ಅಪ್ಪ ಅವ್ವ ಮೊದಲೇ ತೀರಿಹೋಗಿದ್ದರು. ಸಿಕ್ಕ ಜಾಗ ಎರಡು ಮನೆಗಳ ನಡುವಿನ ಸಂದಿ, ಅಗಲ ಎಂಟು ಮೊಳ. ಹಿಂದೆ ಓಣಿಯವರ ಕೊಳೆಯೆಲ್ಲ ಹರಿಯುವ ಗಟಾರ.

ನಾಲ್ಕನೇ ಜಮಾತಿಗೇ ಸಾಲೆ ಬಿಟ್ಟವನಾದರೂ ಮನೆಯ ನಕ್ಷೆ ನಾನೇ ಇದ್ದಿಲಿನಿಂದ ಫರಸಿ ಕಲ್ಲಿನ ಮೇಲೆ ಬರೆದೆ. ಗೋಡೆಗೆ ಬಿಜಾಗರಿ ಹಾಕಿದ ಹಲಗೆ; ಇಳಿಸಿದರೆ ಮಂಚ, ಎತ್ತಿದರೆ ಕೋಣೆ ಖಾಲಿ. ಹಿಂಬಾಗಿಲ ಹೊರಗೆ, ಎತ್ತರದ ಕಟ್ಟೆಯ ಮೇಲೆ ಮಾಳಿಗೆಗೆ ಹತ್ತುವ ಮೆಟ್ಟಿಲು.

"ಆ ಮೆಟ್ಟಿಲ ಕೆಳಗ ನನಗ ಜಾಗ ಬಿಡೋ ಅಣ್ಣಾ," ಎಂದಳು ತಂಗಿ. "ಕಡಿಗಿ ಆದಾಗ ಎಲ್ಲಿ ಕೂಡ್ಲಿ?"

ಆಗ ನಮ್ಮಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂಡುತ್ತಿದ್ದರು; ಮನೆಯ ಸಾಮಾನು ಮುಟ್ಟುವಂತಿರಲಿಲ್ಲ, ಮಾಳಿಗೆ ಹತ್ತುವಂತಿರಲಿಲ್ಲ. ಕಮಲಾಪುರದಲ್ಲಿ ಅದಕ್ಕೆ ದೊಡ್ಡ ಹಿತ್ತಲಿತ್ತು. ಮನೆ ಕಟ್ಟುವ ಗೌಂಡಿ ಅಲ್ಲೇ ನಿಂತಿದ್ದ; ಅವನ ಎದುರು ಆ ಮಾತಾಡಲು ನನಗೆ ನಾಚಿಕೆ. "ಅಲ್ಲಿ ಸೈಕಲ್ ನಿಲ್ಲಸ್ತೀನಿ," ಎಂದುಬಿಟ್ಟೆ. ಹಲಗೆ ಎತ್ತಿ, ಮನೆಯೊಳಗಿಂದಲೇ ಹೊಸ ಸೈಕಲ್ ತಳ್ಳಿಕೊಂಡು ಹೋಗಿ ಅಲ್ಲಿ ನಿಲ್ಲಿಸುತ್ತಿದ್ದೆ.

ಅವಳು ಗಟಾರದ ದಂಡೆಯಲ್ಲಿ, ಒಂದು ಗೋಣಿಚೀಲದ ಮೇಲೆ ಕೂಡತೊಡಗಿದಳು. ಹೆಗ್ಗಣ ಓಡಾಡುತ್ತಿದ್ದವು. ಊಟದ ತಾಟನ್ನು ಹೊಸ್ತಿಲಲ್ಲಿ ದೂಡಿ, ಮೂಗು ಮುಚ್ಚಿಕೊಂಡು ನಾನು ಒಳಗೆ ಬರುತ್ತಿದ್ದೆ.

ಒಂದು ಮಧ್ಯಾಹ್ನ ನಾನು ದುಡಿಯುತ್ತಿದ್ದ ಮಿಲ್ಲಿನ ಗೆಳೆಯರು ಮನೆ ನೋಡಲು ಬಂದರು. ಹಲಗೆ ಇಳಿಸಿದೆ, ಎತ್ತಿದೆ. "ಶಾಣ್ಯಾ ಅದಿ ಬಿಡು! ಅರಮನ್ಯಾಗೂ ಇಂಥಾದ್ದಿಲ್ಲ," ಎಂದರು. ಅಷ್ಟರಲ್ಲಿ ಮಳೆ ಹೊಡೆಯಿತು. ಹಿಂಬಾಗಿಲು ಬಡಿದ ಸದ್ದು.

"ಯಾರದಾರೋ ಅಲ್ಲಿ?"

"ಯಾರೂ ಇಲ್ಲ. ಗಾಳಿಗೆ ಬಡಿತದ," ಎಂದೆ.

ಅವರು ಹೋದ ಮೇಲೆ ಬಾಗಿಲು ತೆರೆದೆ. ಗಟಾರ ಉಕ್ಕಿತ್ತು. ಯಾರದೋ ಮನೆಯ ಹೇಲು, ಕೊಳೆತ ಎಲೆ, ಸತ್ತ ಇಲಿ. ನನ್ನ ತಂಗಿ ಮೊಣಕಾಲುಮಟ್ಟ ಅದರಲ್ಲಿ ನಿಂತಿದ್ದಳು. ಎತ್ತರದ ಕಟ್ಟೆಯ ಮೇಲೆ, ಮೆಟ್ಟಿಲ ಕೆಳಗೆ, ಸೈಕಲ್ಲಿಗೆ ಒಂದು ಹನಿಯೂ ತಾಗಿರಲಿಲ್ಲ.

"ಒಳಗ ಬಾ," ಎಂದೆ.

"ಈಗ್ಯಾಕ? ನಾ ಇಲ್ಲೇ ಇಲ್ಲಲ್ಲ," ಎಂದಳು. ಆಮೇಲೆ ಸೈಕಲ್ ಕಡೆ ನೋಡಿ, "ಅದು ಪುಣ್ಯಾ ಮಾಡೇದ ಅಣ್ಣಾ. ಕಡಿಗಿ ಆಗಂಗಿಲ್ಲ," ಎಂದಳು.

ಮೂರು ದಿನ ಮುಗಿದು ನೀರು ಹಾಕಿಕೊಂಡವಳೇ ಕಮಲಾಪುರದಲ್ಲಿದ್ದ ಸೋದರತ್ತೆಯ ಮನೆಗೆ ಹೋದಳು. ಎಷ್ಟು ಕರೆದರೂ ಆ ಮನೆಗೆ ಮತ್ತೆ ಕಾಲಿಡಲಿಲ್ಲ. ಪದ್ಧತಿಯದೇ ತಪ್ಪು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಆದರೆ ಅವಳು ಹೋದ ದಿನವೇ ಸೈಕಲ್ ಹೊರಗೆಳೆದು ಆ ಜಾಗದಲ್ಲಿ ಕೂತು ನೋಡಿದ್ದೆ. ಕಾಲು ಚಾಚಿದರೂ ಜಾಗ ಉಳಿದಿತ್ತು.